ಕ್ಯಾಮೆರಾ ಬೆನ್ನ ಹಿಂದೆ ಬಂದಾಗ ಹೆದರಿಕೆ ಎಲ್ಲಿ ಹೋಯಿತು? ಹುಬ್ಬಳ್ಳಿಯ ಒಂದು ರೀಮೇಕ್ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದು ಗೇಮ್ ರಿವ್ಯೂ ಅಲ್ಲ. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಜನ ಕೊನೇ ವರ್ಷದ ವಿದ್ಯಾರ್ಥಿಗಳು, ಹಳೇ ಸರ್ವೈವಲ್ ಹಾರರ್ (ಹೆದರಿಸುತ್ತಲೇ ಜೀವ ಉಳಿಸಿಕೊಳ್ಳಲು ಪರದಾಡಿಸುವ) ಗೇಮ್ ಒಂದರ ಒಂದು ಭಾಗವನ್ನು ತಾವೇ ರೀಮೇಕ್ ಮಾಡಲು ಹೊರಟಾಗ ಏನೇನಾಯಿತು ಅನ್ನೋದರ ವರದಿ. ಹೆಸರುಗಳಿಲ್ಲ, ಕಾಲೇಜು ಯಾವುದು ಅಂತಲೂ ಇಲ್ಲ. ಗುರುತು ಹತ್ತಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನಾನು ಆ ತಂಡದವನಲ್ಲ. ಗೋಕುಲ ರೋಡಿನ ಕಡೆ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು, ವಾರದ ಕೊನೆಗೆ ಅವರ ರೂಮಿಗೆ ಹೋಗಿ ಕೂತು ನೋಡಿ, ಕೇಳಿದರೆ ಅಭಿಪ್ರಾಯ ಹೇಳುತ್ತಿದ್ದವನು.

ಹಿನ್ನೆಲೆ

ನಾಲ್ವರಲ್ಲಿ ಒಬ್ಬನನ್ನು "ಹಳಬ" ಅಂತ ಕರೆಯೋಣ. ಸಣ್ಣವನಿದ್ದಾಗ ಸೋದರಮಾವನ ಮನೆಯ ಹಳೇ ಪ್ಲೇಸ್ಟೇಷನ್‌ನಲ್ಲಿ ರೆಸಿಡೆಂಟ್ ಈವಿಲ್ 2 ಆಡಿ, ಅದರ ಹುಚ್ಚು ಹತ್ತಿಸಿಕೊಂಡವನು. ಇನ್ನೊಬ್ಬ ಕೋಡ್ ಬರೆಯುವವನು, ಮತ್ತೊಬ್ಬ ಮಾಡೆಲ್ ಮಾಡುವವನು. ನಾಲ್ಕನೆಯವಳು ಸೌಂಡಿನವಳು. ಅವಳು ಹಾರರ್ ಗೇಮ್ ಆಡಿದವಳೇ ಅಲ್ಲ, ಮಿಕ್ಸಿಂಗ್ ಬರುತ್ತೆ ಅಂತ ಸೇರಿಸಿಕೊಂಡಿದ್ದರು. ಕೊನೆಗೆ ಪ್ರಾಜೆಕ್ಟ್ ಉಳಿದಿದ್ದು ಅವಳಿಂದಲೇ.

ಮೂಲ ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ. ರೆಸಿಡೆಂಟ್ ಈವಿಲ್ 2 ಜಪಾನಿನ ಕ್ಯಾಪ್‌ಕಾಮ್ ಕಂಪನಿಯದು. ಹಿಡೆಕಿ ಕಮಿಯಾ ನಿರ್ದೇಶನ, 1998ರಲ್ಲಿ ಬಂತು. ರಕೂನ್ ಸಿಟಿ ಅನ್ನೋ ಊರಲ್ಲಿ ವೈರಸ್ ಹರಡಿ ಜನ ಎಲ್ಲ ಜಾಂಬಿ ಆಗಿದ್ದಾರೆ. ಕೆಲಸದ ಮೊದಲ ದಿನವೇ ಅಲ್ಲಿಗೆ ಬಂದು ಸಿಕ್ಕಿಬೀಳುವ ಪೊಲೀಸ್ ಹುಡುಗ ಲಿಯಾನ್, ಅಣ್ಣನನ್ನು ಹುಡುಕಿಕೊಂಡು ಬರುವ ಕ್ಲೇರ್. ಅದರಲ್ಲಿ ಕ್ಯಾಮೆರಾ ಆಟಗಾರನ ಕೈಯಲ್ಲಿ ಇರುವುದಿಲ್ಲ. ಪ್ರತಿ ಕೋಣೆಯ ಮೂಲೆಯಲ್ಲಿ ಎಲ್ಲೋ ಒಂದು ಕಡೆ ಸಿಸಿಟಿವಿ ಕೂಡಿಸಿದ ಹಾಗೆ ಇರುತ್ತದೆ. ಕೋಣೆ ಅನ್ನೋದು ಮೊದಲೇ ಮಾಡಿಟ್ಟ ಚಿತ್ರ, ಅದರ ಮೇಲೆ ಪಾತ್ರಗಳು ಮಾತ್ರ ಓಡಾಡುತ್ತವೆ. ಕಾರಣ ಸರಳ. ಆಗಿನ ಪ್ಲೇಸ್ಟೇಷನ್‌ಗೆ ಅಷ್ಟು ವಿವರದ ಕೋಣೆಯನ್ನು ಆಟದ ಹೊತ್ತಲ್ಲೇ ಬಿಡಿಸುವ ತಾಕತ್ತು ಇರಲಿಲ್ಲ.

ಆ ಮಿತಿಯೇ ಹೆದರಿಕೆ ಹುಟ್ಟಿಸುತ್ತಿತ್ತು. ಮೂಲೆಯಾಚೆ ಏನಿದೆ ಅಂತ ಪಾತ್ರಕ್ಕೆ ಕಂಡರೂ ನಿಮಗೆ ಕಾಣುವುದಿಲ್ಲ, ಜಾಂಬಿಯ ನರಳಾಟ ಮಾತ್ರ ಕೇಳುತ್ತದೆ.

2019ರ ಜನವರಿ 25ಕ್ಕೆ ಬಂದ ರೀಮೇಕ್‌ನಲ್ಲಿ ಇದನ್ನೆಲ್ಲ ತೆಗೆದರು. ಕ್ಯಾಮೆರಾ ಪಾತ್ರದ ಹೆಗಲ ಹಿಂದೆ ಬಂತು. ಆದರೂ ಗೇಮ್ ಹೆದರಿಸುತ್ತದೆ, ಜಾಸ್ತಿಯೇ ಹೆದರಿಸುತ್ತದೆ. ನಮ್ಮ ಹುಡುಗರಿಗೆ ಇದ್ದ ಆಸೆ ಇಷ್ಟೇ. ಅದೇ ಕೆಲಸವನ್ನು ಸಣ್ಣ ಮಟ್ಟದಲ್ಲಿ ನಾವೂ ಮಾಡಿ ನೋಡೋಣ, ಆ ಗೇಮ್ ನಡೆಯುವ ಪೊಲೀಸ್ ಸ್ಟೇಷನ್ನಿನ ಒಂದು ಮಹಡಿ ಸಾಕು.

ಮೊದಲ ತಿರುವು: ಪೊಲೀಸ್ ಸ್ಟೇಷನ್ ಬಿಟ್ಟು ಜಿನ್ನಿಂಗ್ ಮಿಲ್

ಶುರುವಿನಲ್ಲೇ ಗೈಡ್ ಮೇಡಂ ಒಂದು ಪ್ರಶ್ನೆ ಕೇಳಿದರು. "ಬೇರೆಯವರ ಗೇಮ್ ನೀವು ಮಾಡಿದ್ರ ಅವರು ಸುಮ್ನಿರ್ತಾರೇನು?"

ಹಳಬನಿಗೆ ಸಿಟ್ಟು ಬಂತು, ಪ್ರೀತಿಯಿಂದ ಮಾಡೋದಕ್ಕೆ ಯಾರ ಅಪ್ಪಣೆ ಬೇಕು ಅಂತ. ಆದರೆ ಅವನಿಗೇ ಗೊತ್ತಿದ್ದ ಒಂದು ಕಥೆ ಅವನ ವಾದವನ್ನು ಕೆಡಿಸಿತು. ಇಟಲಿಯ ಇನ್‌ವೇಡರ್ ಗೇಮ್ಸ್ ಅನ್ನುವ ಸಣ್ಣ ತಂಡ ಇದೇ ಗೇಮನ್ನು ಅಭಿಮಾನಿಗಳಾಗಿ ರೀಮೇಕ್ ಮಾಡುತ್ತಿತ್ತು. 2015ರಲ್ಲಿ ಕ್ಯಾಪ್‌ಕಾಮ್ ತಾನೇ ರೀಮೇಕ್ ಮಾಡುವುದಾಗಿ ಹೇಳಿತು, ಇವರನ್ನು ನಿಲ್ಲಿಸಿ ಅಂದಿತು. ನಿಲ್ಲಿಸಿದರು. ಆಮೇಲೆ ಅದೇ ಅನುಭವ ಇಟ್ಟುಕೊಂಡು ಡೇಮೇರ್: 1998 ಅಂತ ಸ್ವಂತ ಗೇಮ್ ಮಾಡಿ 2019ರಲ್ಲಿ ಬಿಡುಗಡೆ ಮಾಡಿದರು.

ಇದನ್ನು ಹಳಬನೇ ಹೇಳಿ, ತಾನೇ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಮಾಡೆಲ್ ಹುಡುಗ ಬಾಯಿಬಿಟ್ಟ. ಅವನದು ಗದಗ ಕಡೆ ಊರು. ಅವನ ಅಜ್ಜ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ ಮಾಡಿದವರು, ಮಿಲ್ ಮುಚ್ಚಿ ಬಹಳ ವರ್ಷ ಆಗಿದೆ, ಕಟ್ಟಡ ಹಾಗೇ ನಿಂತಿದೆ. ತಗಡಿನ ಮಾಡು, ಸಾಲಾಗಿ ಜಿನ್ನಿಂಗ್ ಮಷೀನುಗಳು, ಅರಳೆ ತುಂಬುತ್ತಿದ್ದ ಕೋಣೆಗಳು, ಮೇಲೆ ಹಲಗೆಯ ಅಟ್ಟ, ಬಾಗಿಲ ಹತ್ತಿರ ಲೆಕ್ಕ ಬರೆಯುವ ದಿವಾನಜಿ ಕೂಡುತ್ತಿದ್ದ ಸಣ್ಣ ಖೋಲಿ. ಫೋನಿನಲ್ಲಿದ್ದ ಫೋಟೋ ತೋರಿಸಿದ. ಅಲ್ಲಿಗೆ ಪೊಲೀಸ್ ಸ್ಟೇಷನ್ ಮುಗಿಯಿತು.

ನನ್ನ ಲೆಕ್ಕದಲ್ಲಿ ಇದು ಪ್ರಾಜೆಕ್ಟಿನ ಅತಿ ಒಳ್ಳೆಯ ನಿರ್ಧಾರ, ಮತ್ತು ಕಾನೂನು ಇಲ್ಲಿ ಬರೀ ನೆಪ. ಮೂಲದ ನಕಾಶೆಯನ್ನೇ ಇಟ್ಟುಕೊಂಡಿದ್ದರೆ ಪ್ರತಿ ಕೋಣೆಗೂ "ಅದರಾಗ ಹಿಂಗಿತ್ತು" ಅಂತ ಜಗಳ ಆಗುತ್ತಿತ್ತು. ಈಗ ಉಳಿದದ್ದು ಆಟದ ನಿಯಮಗಳು ಮಾತ್ರ. ಕೆಲವೇ ಗುಂಡು, ಸಣ್ಣ ಚೀಲ, ಅಲ್ಲಲ್ಲಿ ಮಾತ್ರ ಸೇವ್. ಮೂಲದಲ್ಲಿ ಸೇವ್ ಮಾಡೋದು ಟೈಪ್‌ರೈಟರ್‌ನಲ್ಲಿ, ಅದಕ್ಕೆ ಇಂಕ್ ರಿಬ್ಬನ್ ಬೇಕು. ಇಲ್ಲಿ ದಿವಾನಜಿಯ ಕಿರ್ದಿ ಪುಸ್ತಕ, ಅದಕ್ಕೆ ಮಸಿ. ಮಸಿ ಖಾಲಿಯಾದರೆ ಸೇವ್ ಇಲ್ಲ.

ಸಮಸ್ಯೆ

ಜಗಳ ಶುರುವಾಗಿದ್ದು ಕ್ಯಾಮೆರಾ ಮೇಲೆ. ಹಳಬನಿಗೆ ಮೂಲೆಯಲ್ಲಿ ಕೂತ ಕ್ಯಾಮೆರಾನೇ ಬೇಕು. ಕೋಡ್ ಹುಡುಗನಿಗೆ ಹೆಗಲ ಹಿಂದಿನದು. ಅವನ ಕಾರಣವೂ ತಪ್ಪಲ್ಲ, ಅವರು ಗೇಮ್ ಕಟ್ಟುತ್ತಿದ್ದ ಅನ್‌ರಿಯಲ್ ಇಂಜಿನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅದು ತಯಾರಾಗಿಯೇ ಸಿಗುತ್ತದೆ. ಮಾತಲ್ಲಿ ಬಗೆಹರಿಯಲಿಲ್ಲ. ಒಂದೇ ಕೋಣೆಯನ್ನು ಬಣ್ಣ ಬಳಿಯದ ಬೂದು ಡಬ್ಬಿಗಳಲ್ಲಿ ಕಟ್ಟಿ, ಎರಡೂ ಕ್ಯಾಮೆರಾ ಹಾಕಿ, ಜೂನಿಯರ್‌ಗಳನ್ನು ಕರೆದು ಆಡಿಸಿದರು. ಗಿರ್ಮಿಟ್ ಮಿರ್ಚಿ ಕೊಡಿಸ್ತೀವಿ ಅಂದರೆ ಹುಬ್ಬಳ್ಳಿಯಲ್ಲಿ ಟೆಸ್ಟರ್‌ಗಳಿಗೆ ಬರ ಇಲ್ಲ.

ಮೂಲೆ ಕ್ಯಾಮೆರಾದಲ್ಲಿ ಹುಡುಗರು ಗೋಡೆಗೆ ಢಿಕ್ಕಿ ಹೊಡೆದರು. ಹಳೇ ಗೇಮಿನ ಕಂಟ್ರೋಲ್ ಬೇರೆ. ಮೇಲಿನ ಬಟನ್ ಒತ್ತಿದರೆ ಪಾತ್ರ ತಾನು ಮುಖ ಮಾಡಿದ ಕಡೆ ಹೋಗುತ್ತದೆ, ಪರದೆಯ ಮೇಲ್ಗಡೆಗಲ್ಲ. ಕ್ಯಾಮೆರಾ ಪಟ್ಟನೆ ಬದಲಾದಾಗ ದಿಕ್ಕು ತಪ್ಪಬಾರದು ಅಂತಲೇ ಹಾಗೆ ಮಾಡಿದ್ದು. ಆದರೆ ಫೋನಿನಲ್ಲಿ ಬಿಜಿಎಂಐ ಅನ್ನೋ ಶೂಟಿಂಗ್ ಗೇಮ್ ಆಡಿ ಬೆಳೆದ ಕೈಗಳಿಗೆ ಇದು ಒಗ್ಗಲಿಲ್ಲ. "ಅಣ್ಣಾ, ಇದು ಎತ್ತಾಗ ಹೊಂಟೈತೋ ತಿಳಿವಲ್ದು" ಅಂತ ಒಬ್ಬ ಕಂಟ್ರೋಲರ್ ಇಟ್ಟೇಬಿಟ್ಟ.

ಹೆಗಲ ಕ್ಯಾಮೆರಾದಲ್ಲಿ ಎಲ್ಲರೂ ಸಲೀಸಾಗಿ ಆಡಿದರು. ಯಾರೂ ಹೆದರಲಿಲ್ಲ. ಜಾಂಬಿ ಬಂದರೆ ಪಕ್ಕದಲ್ಲಿ ಓಡಿ ಪಾರಾಗುವುದು, ಇಲ್ಲಾ ತಲೆಗೆ ಗುರಿ ಇಟ್ಟು ಒಂದೊಂದೇ ಉರುಳಿಸುವುದು. "ಇದರಾಗ ಹೆದರೂದೇನೈತಿ? ಓಡಿ ಹೋದ್ರ ಆತು."

ಪ್ರಕರಣದ ಗಂಟು ಇದೇ. ಒಂದರಲ್ಲಿ ಹೆದರಿಕೆ ಇದೆ, ಆಡಲು ಬರುವುದಿಲ್ಲ. ಇನ್ನೊಂದರಲ್ಲಿ ಆಡಬಹುದು, ಹೆದರಿಕೆ ಇಲ್ಲ. ತಂಡ ಮೂರು-ಒಂದು ಮತದಿಂದ ಹೆಗಲ ಕ್ಯಾಮೆರಾ ಆರಿಸಿತು. ಹಳಬ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಹೆದರಿಕೆ ಬರುವ ತನಕ ಬಣ್ಣ, ಬೆಳಕು, ಕಥೆ ಯಾವುದಕ್ಕೂ ಕೈ ಹಚ್ಚುವ ಹಾಗಿಲ್ಲ.

ಏನೇನು ಮಾಡಿ ನೋಡಿದರು

ಮೊದಲು ಗುಂಡು ಕಡಿಮೆ ಮಾಡಿದರು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆಟ ಕಷ್ಟ ಆಯಿತು, ಹೆದರಿಕೆ ಬರಲಿಲ್ಲ. ಗುಂಡು ಮುಗಿದ ಹುಡುಗ ಬೇಜಾರಾಗಿ ಮೊದಲಿನಿಂದ ಶುರು ಮಾಡುತ್ತಿದ್ದ, ಅಷ್ಟೇ.

ಆಮೇಲೆ ಜಾಂಬಿಗಳ ಸಂಖ್ಯೆ ಜಾಸ್ತಿ ಮಾಡಿದರು. ಕೋಣೆ ಗದ್ದಲ ಆಯಿತು. ಇದು ಹೋಗಲಿ ಬಿಡಿ.

ನಿಜವಾದ ತೊಂದರೆ ಕಂಡಿದ್ದು ಮಾಡೆಲ್ ಹುಡುಗ ನಕಾಶೆಯ ಅಳತೆ ಹಿಡಿದಾಗ. ಹೆಗಲ ಹಿಂದಿನ ಕ್ಯಾಮೆರಾಕ್ಕೆ ಜಾಗ ಬೇಕು. ಇಕ್ಕಟ್ಟಾದ ಓಣಿಯಲ್ಲಿ ಪಾತ್ರ ತಿರುಗಿದರೆ ಕ್ಯಾಮೆರಾ ಗೋಡೆಯೊಳಗೆ ಹೋಗುತ್ತದೆ, ಇಂಜಿನ್ ಅದನ್ನು ಎಳೆದು ಪಾತ್ರದ ತಲೆಗೇ ಅಂಟಿಸುತ್ತದೆ, ಪರದೆ ತುಂಬ ಕೂದಲು. ಆ ಕಿರಿಕಿರಿ ತಪ್ಪಿಸಲು ಕೋಡ್ ಹುಡುಗ ಯಾರಿಗೂ ಹೇಳದೆ ಓಣಿಗಳನ್ನೆಲ್ಲ ಎರಡು ಪಟ್ಟು ಅಗಲ ಮಾಡಿದ್ದ. ಮಷೀನುಗಳ ನಡುವಿನ ಸಂದಿಯಲ್ಲಿ ಈಗ ಎರಡು ಚಕ್ಕಡಿ ಜೋಡಿಯಾಗಿ ಹೋಗುವಷ್ಟು ಜಾಗ. ಅಲ್ಲಿ ಜಾಂಬಿ ಯಾರನ್ನು ಹಿಡಿದೀತು?

ಅಂದರೆ ಹೆದರಿಕೆಯನ್ನು ಕ್ಯಾಮೆರಾ ನೇರವಾಗಿ ಕೊಂದಿರಲಿಲ್ಲ. ಕ್ಯಾಮೆರಾಕ್ಕಾಗಿ ಓಣಿ ಅಗಲ ಆಯಿತು, ಓಣಿ ಅಗಲ ಆಗಿದ್ದಕ್ಕೆ ಓಡಿಹೋಗುವುದು ಸುಲಭ ಆಯಿತು, ಓಡಿಹೋಗಬಹುದು ಅಂದಮೇಲೆ ಗುಂಡು ಎಷ್ಟಿದ್ದರೇನು? ಈ ಸರಪಳಿ ಗೊತ್ತಾಗದೆ ಅವರು ಅದರ ತುದಿಯ ಕೊಂಡಿಯನ್ನು ಹಿಡಿದು ಜಗ್ಗುತ್ತಿದ್ದರು.

ಆಮೇಲೆ ಕೂತು 2019ರ ರೀಮೇಕನ್ನು ಆಡುವುದು ಬಿಟ್ಟು ಬರೀ ನೋಡಿದರು. ಒಬ್ಬ ಆಡುವುದು, ಉಳಿದವರು ಬರೆದುಕೊಳ್ಳುವುದು. ಹೆಗಲ ಕ್ಯಾಮೆರಾ ಕಿತ್ತುಕೊಂಡಿದ್ದನ್ನು ಕ್ಯಾಪ್‌ಕಾಮ್ ಬೇರೆ ಬೇರೆ ಕಡೆಯಿಂದ ತುಂಬಿಕೊಟ್ಟಿದೆ ಅನ್ನೋದು ಆಗ ಕಾಣತೊಡಗಿತು. ಮೂಲದಲ್ಲಿ ಮೂಲೆ ಕಾಣುತ್ತಿರಲಿಲ್ಲ, ಇಲ್ಲಿ ಕರೆಂಟ್ ಹೋದ ಓಣಿಗಳು, ಟಾರ್ಚ್ ಬಿದ್ದಷ್ಟೇ ಕಾಣುವುದು. ಗುರಿ ಇಡುವುದು ಸುಲಭ ಆಗಿದೆಯಲ್ಲ, ಅದಕ್ಕೆ ನಿಂತಲ್ಲೇ ನಿಂತರೆ ಮಾತ್ರ ಗುರಿಯ ಗೆರೆಗಳು ಕೂಡಿಕೊಂಡು ಏಟು ಜೋರಾಗಿ ಬೀಳುತ್ತದೆ, ನಡೆಯುತ್ತಾ ಹೊಡೆದರೆ ಚೆದುರುತ್ತದೆ. ಜಾಂಬಿ ಎಷ್ಟು ಗುಂಡಿಗೆ ಬೀಳುತ್ತೆ ಅಂತ ಲೆಕ್ಕ ಹಾಕಲು ಬರುವುದಿಲ್ಲ, ಬಿದ್ದದ್ದು ಮತ್ತೆ ಏಳುತ್ತದೆ. ಬಾಗಿಲಿನದೂ ಅಷ್ಟೇ. 1998ರಲ್ಲಿ ಬಾಗಿಲು ತೆರೆಯುವ ದೃಶ್ಯದ ಹಿಂದೆ ಮುಂದಿನ ಕೋಣೆ ಲೋಡ್ ಆಗುತ್ತಿತ್ತು, ಹಾಗಾಗಿ ಬಾಗಿಲು ದಾಟಿದರೆ ಬಚಾವ್. ರೀಮೇಕ್‌ನಲ್ಲಿ ಜಾಂಬಿ ಬಾಗಿಲು ಬಡಿದು ಒಳಗೆ ಬರುತ್ತದೆ.

ಇವುಗಳಲ್ಲಿ ಎರಡನ್ನು ತಂಡ ಎತ್ತಿಕೊಂಡಿತು, ನಿಂತು ಹೊಡೆಯುವ ನಿಯಮ ಮತ್ತು ಬಾಗಿಲು. ಓಣಿಗಳನ್ನು ಮತ್ತೆ ಇಕ್ಕಟ್ಟು ಮಾಡಿ, ಕ್ಯಾಮೆರಾವನ್ನೇ ಹೆಗಲಿಗೆ ಹತ್ತಿರ ತಂದರು. ಅಷ್ಟರ ತನಕ ಕಟ್ಟಿದ ನಕಾಶೆ ಪೂರ್ತಿ ಕಸಕ್ಕೆ. ಕೋಡ್ ಹುಡುಗನಿಗೆ ಹೊಟ್ಟೆ ಉರಿಯಿತು. ಆಗ ಹಳಬ ಹೇಳಿದ ಸಮಾಧಾನ ನನಗೆ ಇಷ್ಟವಾಯಿತು. ಕ್ಯಾಪ್‌ಕಾಮ್‌ನವರೂ ರೆಸಿಡೆಂಟ್ ಈವಿಲ್ 2ರ ಮೊದಲ ರೂಪವನ್ನು ಅರ್ಧಕ್ಕಿಂತ ಜಾಸ್ತಿ ಮಾಡಿ, ಸಪ್ಪೆ ಅನ್ನಿಸಿ ಎತ್ತಿ ಬಿಸಾಕಿ ಹೊಸದಾಗಿ ಶುರು ಮಾಡಿದ್ದರು. ಅಭಿಮಾನಿಗಳು ಅದನ್ನು ಈಗಲೂ 1.5 ಅಂತ ಕರೆಯುತ್ತಾರೆ. "ನಮ್ದು ಇನ್ನೂ 0.5 ಲೇ, ಅಳಬ್ಯಾಡ."

ಚಪ್ಪಲಿ

ಈಗ ಜೂನಿಯರ್‌ಗಳು ಸ್ವಲ್ಪ ಬೆವರಿದರು. ಆದರೆ ಒಂದು ಹಂತದ ತನಕ ಮಾತ್ರ. ಒಂದು ಕೋಣೆಯಲ್ಲಿ ಎಷ್ಟು ಜಾಂಬಿ ಇವೆ ಅಂತ ಗೊತ್ತಾದಮೇಲೆ ಅದು ಬರೀ ಲೆಕ್ಕ. ರೀಮೇಕ್‌ನಲ್ಲಿ ಈ ಲೆಕ್ಕ ಕೆಡಿಸಲು ಮಿಸ್ಟರ್ ಎಕ್ಸ್ ಇದ್ದಾನೆ. ಟೋಪಿ ಹಾಕಿದ ದೈತ್ಯ. ಮೂಲದಲ್ಲಿ ಎರಡನೇ ಸುತ್ತಿನ ಆಟದಲ್ಲಿ ಮಾತ್ರ, ಗೊತ್ತುಮಾಡಿದ ಜಾಗಗಳಲ್ಲಿ ಬರುತ್ತಿದ್ದ. ರೀಮೇಕ್‌ನಲ್ಲಿ ಒಮ್ಮೆ ಬಂದಮೇಲೆ ಸ್ಟೇಷನ್ ತುಂಬ ನಿಮ್ಮನ್ನು ಹುಡುಕಿಕೊಂಡು ತಿರುಗುತ್ತಾನೆ. ಗುಂಡಿಗೆ ಮಂಡಿ ಊರುತ್ತಾನೆ, ಸಾಯುವುದಿಲ್ಲ. ಬೂಟಿನ ಸದ್ದು ಗೋಡೆಯಾಚೆಯಿಂದ ಕೇಳುತ್ತಲೇ ಇರುತ್ತದೆ. ಹೆಚ್ಚಿನ ಸೇವ್ ರೂಮುಗಳೊಳಗೆ ಬರುವುದಿಲ್ಲ ಅನ್ನೋದೊಂದೇ ಕೃಪೆ.

ತಂಡಕ್ಕೂ ಅಂಥವನೊಬ್ಬ ಬೇಕಾಯಿತು. ಮೊದಲು ಮಾಡಿದ್ದು ಎತ್ತರದ, ಕೆಂಪು ಕಣ್ಣಿನ ಒಂದು ರಾಕ್ಷಸ. ಜೂನಿಯರ್‌ಗಳು ನಕ್ಕರು, ಯಕ್ಷಗಾನದ್ದು ಅಂದರು.

ಸೌಂಡಿನವಳು ಅಲ್ಲಿಯ ತನಕ ಬರೀ ಕೊಟ್ಟ ಕೆಲಸ ಮಾಡುತ್ತಿದ್ದಳು. ಅವಳು ಕೇಳಿದ್ದು ಒಂದೇ. ಮಿಲ್ಲಿನಲ್ಲಿ ರಾತ್ರಿ ತಿರುಗುವವರು ಯಾರು? ಮಾಡೆಲ್ ಹುಡುಗ ಅಜ್ಜನಿಗೆ ಫೋನ್ ಹಚ್ಚಿದ. ಮಾಲಕರು ತಾವೇ ಬರ್ತಿದ್ರಂತೆ, ಹಮಾಲರು ಮಲಗಿದ್ದಾರಾ ನೋಡಲಿಕ್ಕೆ. ಕಿರ್ ಕಿರ್ ಅನ್ನುವ ಚರ್ಮದ ಚಪ್ಪಲಿ, ಆ ಸಪ್ಪಳ ಕೇಳಿದರೆ ಸಾಕು ಎದ್ದು ನಿಲ್ಲುತ್ತಿದ್ದರಂತೆ.

ಅವಳು ಅಂಥದೇ ಒಂದು ಜೋಡು ಚಪ್ಪಲಿ ತಂದಳು. ಹಾಸ್ಟೆಲಿನ ಹಳೇ ಮಂಚದ ಹಲಗೆ ನೆಲಕ್ಕೆ ಹಾಕಿ, ಅದರ ಮೇಲೆ ಕೋಡ್ ಹುಡುಗನನ್ನು ನಡೆಸಿ, ಫೋನಿನಲ್ಲೇ ರೆಕಾರ್ಡ್ ಮಾಡಿದಳು. ಮೊದಲ ಹೆಜ್ಜೆಗೆ ಹಿಮ್ಮಡಿಯ ಭಾರ, ಆಮೇಲೆ ಚರ್ಮ ಎಳೆಯುವ ಕಿರ್ರ್, ಅದರ ಹಿಂದೆ ಹಲಗೆ ಸಣ್ಣಗೆ ನರಳುವುದು, ಮೂರನ್ನೂ ಬೇರೆ ಬೇರೆ ಫೈಲ್ ಮಾಡಿದಳು. ಗೋಡೆ ಅಡ್ಡ ಇದ್ದರೆ ಕಿರ್ರ್ ಹೋಗಿ ಭಾರ ಮಾತ್ರ ಕೇಳಬೇಕು, ಅಟ್ಟದ ಮೇಲಿದ್ದರೆ ಹಲಗೆ ಮುಂದೆ ಬರಬೇಕು, ಬಾಗಿಲಲ್ಲಿ ನಿಂತಿದ್ದರೆ ಮೂರೂ. ಕಣ್ಣು ಮುಚ್ಚಿಕೊಂಡೂ ಅವನು ಎಲ್ಲಿದ್ದಾನೆ ಅಂತ ಹೇಳಬಹುದಿತ್ತು. ರಾಕ್ಷಸನನ್ನು ತೆಗೆದು, ಧೋತರ ಕೋಟಿನ ಒಬ್ಬ ಮಾಲಕನನ್ನು ನಿಲ್ಲಿಸಿದರು. ಮುಖಕ್ಕೆ ಬೆಳಕೇ ಬೀಳುವುದಿಲ್ಲ.

ಎರಡನೇ ದೊಡ್ಡ ತಿರುವು ಒಂದು ಬಗ್‌ನಿಂದ, ಅಂದರೆ ಕೋಡಿನಲ್ಲಿದ್ದ ತಪ್ಪಿನಿಂದ ಬಂತು. ಒಂದು ದಿನ ಮಾಲಕ ಅರಳೆ ಕೋಣೆಯ ಗಂಟುಗಳ ಹಿಂದೆ ದಾರಿ ಸಿಗದೆ ಸಿಕ್ಕಿಬಿದ್ದ. ಗಂಟಿಗೆ ಮುಖ ಕೊಟ್ಟು ನಿಂತಲ್ಲೇ ನಡೆಯುತ್ತಿದ್ದಾನೆ, ಚಪ್ಪಲಿ ಸದ್ದು ನಿಲ್ಲುತ್ತಿಲ್ಲ. ಇದು ಯಾರಿಗೂ ಗೊತ್ತಿಲ್ಲ. ಆಡುತ್ತಿದ್ದ ಜೂನಿಯರ್ ಹುಡುಗಿ ದಿವಾನಜಿಯ ಖೋಲಿಯಲ್ಲಿ ಕಿರ್ದಿ ಮುಂದೆ ನಿಂತವಳು ಹೊರಗೆ ಬರಲೇ ಇಲ್ಲ. "ಅಂವ ಹೋದ್ನೇನು ನೋಡಕ್ಕಾ" ಅಂತ ಸೌಂಡಿನವಳನ್ನು ಕೇಳುತ್ತಾಳೆ. ಕೈಯಲ್ಲಿ ತುಂಬ ಗುಂಡು ಇದ್ದವು.

ಕೋಡ್ ಹುಡುಗ ಆ ರಾತ್ರಿಯೇ ಬಗ್ ಸರಿಮಾಡಿದ. ಮುಂದಿನ ಸಲ ಯಾರೂ ಅಷ್ಟು ಹೆದರಲಿಲ್ಲ. ಮಾಲಕ ಸರಾಗವಾಗಿ ಬರುತ್ತಾನೆ, ಹುಡುಕುತ್ತಾನೆ, ಹೋಗುತ್ತಾನೆ. ಅಂಥವನನ್ನು ಬಸ್ಸಿನ ಹಾಗೆ ಕಾಯ್ದು ದಾಟಿಕೊಳ್ಳಬಹುದು. ಬಗ್ ವಾಪಸ್ ಹಾಕಬೇಕಾ ಅಂತ ಒಂದು ಪೂರ್ತಿ ಸಂಜೆ ಜಗಳ. ನಾನು ಆ ಸಂಜೆ ಅಲ್ಲಿದ್ದೆ. ಹಾಕಬಾರದು ಅಂದೆ, ಆದರೆ ಆಟಗಾರರು ಅದರಲ್ಲಿ ಏನು ಕೇಳಿ ಹೆದರಿದರು ಅನ್ನೋದನ್ನು ಹಿಡಿಯಿರಿ ಅಂದೆ. ಸೌಂಡಿನವಳು ಹಿಡಿದಳು. ಅವನು ಹತ್ತಿರ ಬಂದದ್ದಕ್ಕೆ ಯಾರೂ ಹೆದರಿರಲಿಲ್ಲ, ಹತ್ತಿರ ಇದ್ದೂ ಬರದೇ ಇದ್ದದ್ದಕ್ಕೆ ಹೆದರಿದ್ದರು. ಹಾಗಾಗಿ ಮಾಲಕನಿಗೆ ನಿಲ್ಲುವುದನ್ನು ಕಲಿಸಿದರು. ಮಷೀನಿನ ಮೇಲೆ ಕೈ ಆಡಿಸುವುದು, ಗಂಟು ಎಣಿಸುವುದು, ಬಾಗಿಲ ಹೊರಗೆ ಸುಮ್ನೆ ನಿಂತು ಹೊರಟುಹೋಗುವುದು. ಎಷ್ಟು ಹೊತ್ತು ಅನ್ನೋದು ಪ್ರತಿ ಸಲ ಬೇರೆ.

ಏನಾಯಿತು, ಮತ್ತು ಏನು ಸಿಕ್ಕಿತು

ಮಿಲ್ಲಿಗೆ ಎರಡು ಮಹಡಿ ಅಂದುಕೊಂಡಿದ್ದು ಒಂದಕ್ಕೆ ಇಳಿಯಿತು. ಕಥೆ ಬರೆಯಲು ಸಮಯವೇ ಉಳಿಯಲಿಲ್ಲ. ಪರೀಕ್ಷೆಯ ದಿನ ಲ್ಯಾಪ್‌ಟಾಪ್ ಕಾದು ಫ್ರೇಮ್ ರೇಟ್ ಬಿತ್ತು, ಚಿತ್ರ ತಡೆತಡೆದು ಓಡಿತು. ಹೊರಗಿನಿಂದ ಬಂದ ಎಕ್ಸಾಮಿನರ್ ಹೆದರಿದರಾ ಅಂತ ಕೇಳಬೇಡಿ, ಅವರು ಕೇಳಿದ್ದು ಮಾಲಕ ದಾರಿ ಹುಡುಕುವ ಅಲ್ಗಾರಿದಮ್ ಬಗ್ಗೆ. ಆ ಬಗ್ಗಿನ ದೆಸೆಯಿಂದ ಕೋಡ್ ಹುಡುಗನಿಗೆ ಅದರ ಉತ್ತರ ಬಾಯಿಪಾಠ ಆಗಿತ್ತು. ಅಂಕ ಪರವಾಗಿಲ್ಲ, ಒಳ್ಳೆಯವೇ ಬಂದವು.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಹೇಳಬೇಕಾದ್ದು ನನಗೆ ಮುಖ್ಯವಾಗಿ ಒಂದು ಕಡೆ ಕಾಣುತ್ತದೆ. ಹಳೇ ಗೇಮಿನಲ್ಲಿ ತೊಡಕು ಅನ್ನಿಸಿದ್ದನ್ನು ತೆಗೆಯುವ ಮುಂಚೆ ಅದರ ಮೇಲೆ ಏನೇನು ನಿಂತಿದೆ ಅಂತ ನೋಡಬೇಕು. 1999ರ ಸೈಲೆಂಟ್ ಹಿಲ್‌ನ ಮಂಜು ದೂರದ್ದನ್ನು ಬಿಡಿಸಲಾಗದ ಮಷೀನಿನ ಬಡತನ ಮುಚ್ಚಲು ಬಂದದ್ದು. ಈಗಿನ ಮಷೀನುಗಳಿಗೆ ಆ ಬಡತನ ಇಲ್ಲ. ಆದರೂ 2024ರಲ್ಲಿ ಸೈಲೆಂಟ್ ಹಿಲ್ 2 ರೀಮೇಕ್ ಮಾಡಿದ ಪೋಲೆಂಡಿನ ಬ್ಲೂಬರ್ ಟೀಮ್ ಮಂಜು ತೆಗೆಯಲಿಲ್ಲ. ಹೆಗಲ ಕ್ಯಾಮೆರಾ ಮಾತ್ರ ಅವರೂ ಹಾಕಿದರು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದಕ್ಕೆ ಬದಲಿ ಹುಡುಕಬೇಕು ಅನ್ನೋದು ಕೂತು ಯೋಚಿಸಿದರೆ ಸಿಗುವುದಿಲ್ಲ, ಬೂದು ಡಬ್ಬಿಗಳ ಕೋಣೆಯಲ್ಲಿ ಬೇರೆಯವರನ್ನು ಆಡಿಸಿ ನೋಡಬೇಕು. ಹಳಬನ ಆ ಷರತ್ತು ಇಲ್ಲದಿದ್ದರೆ ಇವರು ಚೆಂದದ ಮಿಲ್ ಕಟ್ಟಿ, ಕೊನೇ ತಿಂಗಳಲ್ಲಿ ಓಣಿ ಅಗಲ ಆಗಿದೆ ಅಂತ ಕಂಡುಕೊಳ್ಳುತ್ತಿದ್ದರು.

ಇನ್ನೊಂದು, ಹಾರರ್ ಗೊತ್ತಿಲ್ಲದ ಒಬ್ಬರಾದರೂ ತಂಡದಲ್ಲಿ ಇರಲಿ. ಉಳಿದ ಮೂವರು ಬೇರೆ ಗೇಮುಗಳಿಂದ ದೆವ್ವ ತರುತ್ತಿದ್ದರು. ಅವಳು ಅಜ್ಜನನ್ನು ಕೇಳಿದಳು.

ಈಗ ಇಬ್ಬರು ಬೆಂಗಳೂರಿನಲ್ಲಿ ಬೇರೆಯದೇ ಕೆಲಸದಲ್ಲಿದ್ದಾರೆ. ಸೌಂಡಿನವಳು ಧಾರವಾಡದಲ್ಲಿ ಡಬ್ಬಿಂಗ್ ಮತ್ತು ರೆಕಾರ್ಡಿಂಗ್ ಮಾಡಿಕೊಂಡಿದ್ದಾಳೆ. ಹಳಬ ಮಾತ್ರ ಬಿಟ್ಟಿಲ್ಲ. ಪ್ರಾಜೆಕ್ಟ್ ಮುಗಿದಮೇಲೆ ಅದೇ ಮಿಲ್ಲಿಗೆ ಮೂಲೆಯ ಕ್ಯಾಮೆರಾ ಹಾಕಿ, ಈಗಿನವರಿಗೆ ಒಗ್ಗುವ ಕಂಟ್ರೋಲ್ ಜೋಡಿಸಿ ಬೇರೆ ಬಿಲ್ಡ್ (ಗೇಮಿನ ಇನ್ನೊಂದು ರೂಪ) ಮಾಡಿ ಕಳಿಸಿದ್ದ. ಆಡಿ ನೋಡಿದೆ. ಕ್ಯಾಮೆರಾ ಬದಲಾಗುವ ಜಾಗಗಳಲ್ಲಿ ಪಾತ್ರ ಇನ್ನೂ ಸ್ವಲ್ಪ ತಡವರಿಸುತ್ತದೆ, ಅದನ್ನು ಹೇಳಿದೆ. "ಅದನ್ನ ಸರಿ ಮಾಡ್ತೀನ್ರಿ ಸರ್, ಆದ್ರ ಹೆಗಲ ಕ್ಯಾಮೆರಾಕ್ಕ ಓಟ್ ಹಾಕಿದ ಆ ಮೂರೂ ಮಂದೀನ ಕೂಡ್ಸಿ ಒಮ್ಮೆ ಆಡಸ್ರಿ" ಅಂದ. ಮೂವರಿಗೂ ಲಿಂಕ್ ಕಳಿಸಿದ್ದೇನೆ. ಕೋಡ್ ಹುಡುಗ ಇನ್ನೂ ಡೌನ್‌ಲೋಡೇ ಮಾಡಿಲ್ಲ.